ಪಾಲಿಶ್‌ಗೆ ಮೊದಲು ಕಾರನ್ನು ಹಸನು ಮಾಡಿ

ತೊಳೆದರೂ ನಮ್ಮ ಕಾರಿನ ಬಣ್ಣ ಒರಟಾಗಿಯೇ ಇದೆ, ಡಾಂಬರಿನ ಚುಕ್ಕೆಗಳೂ ಇವೆ. ನೇರವಾಗಿ ಪಾಲಿಶ್ ಮಾಡಿಸಬಾರದೇಕೆ?
– ಓದುಗರೊಬ್ಬರು, ತಿಕೋಟಾ

ಜೋಳವನ್ನು ಹಸನು ಮಾಡದೆ ಗಿರಣಿಗೆ ಹಾಕಿದರೆ ಹರಳೂ ಹಿಟ್ಟಾಗಿ ರೊಟ್ಟಿ ಕರಕರ ಎನ್ನುತ್ತದೆ. ಪಾಲಿಶ್ ಮಾಡುವುದೂ ಬೀಸುವ ಕೆಲಸವೇ. ಪಾಲಿಶ್‌ನಲ್ಲಿರುವ ಸಣ್ಣ ಪುಡಿಯು ಬಣ್ಣದ ಮೇಲಿನ ಪಾರದರ್ಶಕ ಪದರವನ್ನು ತುಸುವೇ ಸವೆಸಿ ಹೊಳಪು ತರುತ್ತದೆ. ಆ ಪದರದ ದಪ್ಪ ಸುಮಾರು 40–50 ಮೈಕ್ರಾನ್ ಮಾತ್ರ. ಪ್ಯಾಡಿನಡಿ ಮರಳಿನ ಕಣ ಸಿಕ್ಕರೆ ಬಿಸಿಲಿನಲ್ಲಿ ಜೇಡರ ಬಲೆಯಂತೆ ಕಾಣುವ ಗೀರುಗಳು ಬೀಳುತ್ತವೆ.

ಆದ್ದರಿಂದ ಮೊದಲು ಜೋರು ನೀರಿನಿಂದ ಎರೆಮಣ್ಣಿನ ಧೂಳು ಇಳಿಸಿ, ಕಾರ್ ಶಾಂಪೂವಿನಿಂದ ತೊಳೆಯಬೇಕು. ಬ್ರೇಕ್ ಸವೆದು ಹಾರುವ ಕಬ್ಬಿಣದ ಕಣಗಳು ಬಣ್ಣಕ್ಕೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತವೆ. ಅವನ್ನು ಕರಗಿಸುವ ದ್ರಾವಣ ಸಿಂಪಡಿಸಿದರೆ ನೇರಳೆ ಬಣ್ಣದ ನೀರು ಇಳಿಯುತ್ತದೆ. ಡಾಂಬರಿಗೆ ಬೇರೆಯೇ ದ್ರಾವಕವಿದೆ. ಎರಡನ್ನೂ ನೆರಳಿನಲ್ಲಿ ಹಚ್ಚಿ, ಒಣಗುವ ಮುನ್ನ ತೊಳೆಯಬೇಕು.

ಇಷ್ಟಾದರೂ ಉಳಿದದ್ದನ್ನು ಕೀಳಲು ‘ಕ್ಲೇ ಬಾರ್’ ಎಂಬ ಮೆತ್ತನೆಯ ಜೇಡಿ ಬೇಕು. ಜಾರುವ ದ್ರವ ಸಿಂಪಡಿಸಿ ಅದನ್ನು ಹಗುರವಾಗಿ ಸರಿಸಿದರೆ ಅಂಟಿದ ಕಣಗಳನ್ನು ಎತ್ತಿಕೊಳ್ಳುತ್ತದೆ. ಆಗಾಗ ನಾದಿ ಹೊಸ ಮಗ್ಗಲು ಬಳಸಿ. ನೆಲಕ್ಕೆ ಬಿದ್ದ ಜೇಡಿಯನ್ನು ಎಸೆದುಬಿಡಿ.

ಕೊನೆಗೆ ಮತ್ತೊಮ್ಮೆ ತೊಳೆದು, ಮೆತ್ತನೆಯ ಬಟ್ಟೆಯಿಂದ ಒರೆಸಿ. ಕೊಳವೆಬಾವಿಯ ಗಡಸು ನೀರು ತಾನಾಗಿ ಒಣಗಿದರೆ ಬಿಳಿ ಕಲೆ ಉಳಿಯುತ್ತದೆ. ಬಳಿಕ ಕೈಗೆ ತೆಳು ಪ್ಲಾಸ್ಟಿಕ್ ಚೀಲ ಹಾಕಿಕೊಂಡು ಸವರಿ ನೋಡಿ: ಗಾಜಿನಂತೆ ಜಾರಿದರೆ ಪಾಲಿಶ್ ಮಾಡಬಹುದು.