ಬೇಟೆಯ ಕತ್ತಿಯೂ ಅಡುಗೆಮನೆಯ ಕತ್ತಿಯೂ

ಆಜನ್ಮ ಸಸ್ಯಾಹಾರಿಯಾಗಿ, ಒಂದು ಮೊಲವನ್ನೂ ಅಟ್ಟಿ ಅರಿಯದ ನಿವೃತ್ತ ಉಪಾಧ್ಯಾಯನೊಬ್ಬನು ಜಿಂಕೆಬೇಟೆಯ ಕತ್ತಿಯನ್ನು ಕುರಿತು ಬರೆಯಹೊರಟರೆ ವಾಚಕರು ನಗುವುದು ಸಹಜವೇ ಸರಿ. ಆದರೆ ನನ್ನ ಸಂಸಾರಕ್ಕೊದಗಿದ ಒಂದು ವಿಪತ್ತಿನ ದೆಸೆಯಿಂದ ನಾನು ಕಲಿತ ಪಾಠವು ಒಬ್ಬ ಬೇಟೆಗಾರರಿಂದಲೇ ಬಂದುದು. ಆದುದರಿಂದ ಅದನ್ನು ಗೃಹಸ್ಥರ ಮುಂದಿಡುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

1992ನೆಯ ಇಸವಿಯಲ್ಲಿ ನಾನು ಕೊಡಗಿನ ಒಂದು ಗ್ರಾಮದ ಶಾಲೆಗೆ ಸಂಸ್ಕೃತ ಪಂಡಿತನಾಗಿ ಹೋದೆನು. ವೃದ್ಧರಾದ ಕೊಡವ ಜಮೀನುದಾರರೊಬ್ಬರು ತಮ್ಮ ಮನೆಯ ಪಕ್ಕದ ಬಿಡಾರವನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಆಗ ನಮ್ಮ ಮಗು ಅಂಬೆಗಾಲಿಡುತ್ತಿದ್ದಿತು. ಮಗುವಿರುವ ಮನೆಯಲ್ಲಿ ಹರಿತವಾದ ಕತ್ತಿಯಿರಬಾರದೆಂದು ನಾನೇ ನಿರ್ಧರಿಸಿ, ಅಡುಗೆಮನೆಯ ಕತ್ತಿಯನ್ನು ಎರಡು ವರ್ಷ ಸಾಣೆಗೆ ಕೊಡದೆ ಇಟ್ಟಿದ್ದೆನು. ಒಂದು ದಿನ ನನ್ನ ಪತ್ನಿಯು ಬೂದುಗುಂಬಳಕಾಯಿಯನ್ನು ಹೋಳು ಮಾಡಲು ಬಲವಾಗಿ ಒತ್ತಿದಾಗ, ಆ ಮೊಂಡು ಕತ್ತಿಯು ಸಿಪ್ಪೆಯ ಮೇಲೆ ಜಾರಿ ಅವಳ ಎಡಗೈಯನ್ನು ಸೀಳಿತು. ಗಾಯವೇನೋ ಮಾಯಿತು, ತೋರುಬೆರಳು ಮಾತ್ರ ಇಂದಿಗೂ ಪೂರ್ತಿಯಾಗಿ ಮಡಿಸುವುದಿಲ್ಲ.

ಮರುದಿನ ಮನೆಯ ಯಜಮಾನರು ನೋಡಲು ಬಂದವರು ಕೈಯನ್ನು ನೋಡಿದ ಮೇಲೆ ಕತ್ತಿಯನ್ನು ತರಿಸಿ, ಅದರ ಬಾಯಿಯ ಮೇಲೆ ಹೆಬ್ಬೆರಳನ್ನಾಡಿಸಿ, “ಮೇಷ್ಟರೇ, ಹರಿತವಾದ ಕತ್ತಿ ನಾವು ಹೇಳಿದ ಕಡೆ ಹೋಗುತ್ತದೆ. ಮೊಂಡು ಕತ್ತಿ ತನಗೆ ತೋಚಿದ ಕಡೆ ಹೋಗುತ್ತದೆ. ತಪ್ಪು ಅಮ್ಮನದಲ್ಲ” ಎಂದರು. ಯಾರ ತಪ್ಪೆಂಬುದನ್ನು ಅವರು ಹೇಳಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಅದು ಆಗಸ್ಟ್ ತಿಂಗಳ ಕೊನೆ. ಗದ್ದೆಯ ನಾಟಿ ಮುಗಿದು, ಕೊಡಗಿನವರು ಕೈಲ್ ಪೊಳ್ದ್ ಹಬ್ಬಕ್ಕೆ ಅಣಿಯಾಗುವ ಕಾಲ. ‘ಕೈಲ್’ ಎಂದರೆ ಆಯುಧ. ‘ಪೊಳ್ದ್’ ಎಂದರೆ ಹಬ್ಬ. ಸಾಮಾನ್ಯವಾಗಿ ಸೆಪ್ಟೆಂಬರ್ 3ನೆಯ ತಾರೀಖಿನ ಸುಮಾರಿಗೆ ಇದು ಬರುತ್ತದೆ. ಉಳುಮೆ ನಾಟಿಗಳ ತಿಂಗಳುಗಳಲ್ಲಿ ಆಯುಧಗಳು ದೇವರ ಕೋಣೆಯಲ್ಲಿ ವಿಶ್ರಮಿಸಬೇಕು. ಹಬ್ಬದ ದಿನ ಅವನ್ನು ಪೂಜಿಸಿ ಹೊರಗೆ ತೆಗೆಯಬೇಕು. ಪೂರ್ವದಲ್ಲಿ ಅಲ್ಲಿಂದ ಮುಂದೆ ಬೇಟೆಯ ಋತುವು ಮೊದಲಾಗುತ್ತಿದ್ದಿತು. ಕೋವಿಯ ನಳಿಗೆಗೆ ಅಗ್ನಿಶಿಖೆಯ ಹೂವನ್ನು ಸಿಕ್ಕಿಸುವರು. ಈ ಕಾರಣದಿಂದಲೇ ಅಲ್ಲಿ ಅದಕ್ಕೆ ‘ತೋಕ್ ಪೂ’, ಅಂದರೆ ಕೋವಿಯ ಹೂವೆಂದು ಹೆಸರು. ಕೋವಿಯೊಡನೆ ಎರಡು ಬಗೆಯ ಕತ್ತಿಗಳಿಗೂ ಪೂಜೆ ಸಲ್ಲುತ್ತದೆ. ಒಂದು, ಬೆನ್ನಿನ ಮೇಲೆ ‘ತೊಡಂಗ್’ ಎಂಬ ಹಿತ್ತಾಳೆಯ ಕೊಂಡಿಯಲ್ಲಿ ತೂಗುವ, ಅಗಲವಾಗಿ ಬಾಗಿದ ಒಡಿಕತ್ತಿ. ಇನ್ನೊಂದು, ಸೊಂಟದ ಚೇಲೆಯಲ್ಲಿ ಸಿಕ್ಕಿಸುವ, ಬೆಳ್ಳಿಯ ಕೆಲಸವುಳ್ಳ ಪೀಚೆಕತ್ತಿ.

ಯಜಮಾನರು ನನಗೆ ತೋರಿಸಿದುದು ಇವೆರಡೂ ಅಲ್ಲ. ಹಳೆಯ ಬಟ್ಟೆಯಲ್ಲಿ ಸುತ್ತಿದ್ದ, ನಾಲ್ಕಂಗುಲ ಅಲಗಿನ, ಮರದ ಹಿಡಿಯ ಒಂದು ಸಾಧಾರಣ ಕತ್ತಿ. “ಜಿಂಕೆಗೆ ಇದಕ್ಕಿಂತ ದೊಡ್ಡದು ಬೇಡ” ಎಂದರು. ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಅವರು ಹಿರಿಯರೊಡನೆ ಬೇಟೆಗೆ ಹೋಗಿ ಒಂದು ಕಡವೆಯನ್ನು ಹೊಡೆದರಂತೆ. ಹೊತ್ತು ಮುಳುಗುತ್ತಿದ್ದಿತು, ಸೊಂಟದಲ್ಲಿದ್ದುದು ಮಸೆಯದ ಕತ್ತಿ. ಚರ್ಮ ಬಿಡಿಸಲಾರದೆ, ಒತ್ತಿದ ಮೊನೆಯು ಒಳಗಿನ ಕರುಳನ್ನು ತಿವಿದು, ಮಾಂಸವೆಲ್ಲ ಕೆಟ್ಟಿತು. ಕೊಂದ ಪ್ರಾಣಿಯ ಬಹುಭಾಗವನ್ನು ಕಾಡಿನಲ್ಲಿಯೇ ಬಿಟ್ಟು ಬರಬೇಕಾಯಿತು. “ಕೊಂದದ್ದಕ್ಕೆ ದೊಡ್ಡಪ್ಪ ಬೈಯಲಿಲ್ಲ ಮೇಷ್ಟರೇ, ವ್ಯರ್ಥ ಮಾಡಿದ್ದಕ್ಕೆ ಒಂದು ವರ್ಷ ನನಗೆ ಕೋವಿ ಮುಟ್ಟಲು ಬಿಡಲಿಲ್ಲ” ಎಂದು ಹೇಳುವಾಗ ಆ ವೃದ್ಧರ ಕಂಠವು ತಗ್ಗಿತು. ಬೇಟೆಯಾದ ಮೃಗದ ಒಡಲನ್ನು ಬೇಗನೆ ತೆರೆದು ತಣಿಸದಿದ್ದರೆ, ಒಳಗಿನ ಕಾವಿನಿಂದಲೇ ಮಾಂಸವು ಹಳಸುವುದಂತೆ. ಆದಕಾರಣ ಕತ್ತಿಯ ಸಿದ್ಧತೆಯು ಬೇಟೆಯ ಹಿಂದಿನ ರಾತ್ರಿಯ ಕೆಲಸವಲ್ಲ; ಹಬ್ಬಕ್ಕೆ ಹದಿನೈದು ದಿನ ಮುಂಚಿತವಾಗಿ ಆಗಬೇಕಾದುದು.

ಅವರು ಹೇಳಿದ ಲಕ್ಷಣಗಳನ್ನು ಸಂಗ್ರಹವಾಗಿ ಬರೆಯುತ್ತೇನೆ. ಅಲಗು ಮೂರರಿಂದ ನಾಲ್ಕಂಗುಲ ಸಾಕು. ಉದ್ದವಾದಷ್ಟೂ ಮೊನೆಯ ಮೇಲೆ ಹಿಡಿತ ತಪ್ಪುತ್ತದೆ. ಬಾಯಿಯು ಮೊನೆಯ ಕಡೆಗೆ ಹೊಟ್ಟೆಯಂತೆ ಬಾಗಿರಬೇಕು, ಮೊನೆ ಸೂಜಿಯಂತಿರಬಾರದು. ಅಲಗಿನ ಕಬ್ಬಿಣವು ಹಿಡಿಯ ಕೊನೆಯವರೆಗೂ ಹಾಯ್ದಿರಬೇಕು. ಹಿಡಿಯು ಒದ್ದೆಗೈಯಲ್ಲಿ ಜಾರಬಾರದು. ಅಮೆರಿಕಾದ ಸಂಸ್ಥಾನಗಳಲ್ಲಿ ಸರಕಾರದ ಅನುಮತಿಪತ್ರದೊಡನೆ ಇಂದಿಗೂ ಶರತ್ಕಾಲದಲ್ಲಿ ಜಿಂಕೆಯ ಬೇಟೆ ನಡೆಯುತ್ತದೆ. ಅಲ್ಲಿಯ ಅನುಭವಿಗಳು ಮೆಚ್ಚುವುದೂ ಬಹುಮಟ್ಟಿಗೆ ಇಂತಹ ಕತ್ತಿಯನ್ನೇ.

ಇನ್ನು ಲೋಹದ ವಿಚಾರ. ಅವರ ಕತ್ತಿಯನ್ನು ಊರಿನ ಕಮ್ಮಾರನು ಮೋಟಾರು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡಿದ್ದನು. ಅದು ಒಳ್ಳೆಯ ಉಕ್ಕು. ನೂರಕ್ಕೆ ಸುಮಾರು ಅರ್ಧ ಭಾಗ ಇಂಗಾಲವಿರುವುದರಿಂದ ಹದವನ್ನು ಹಿಡಿಯುತ್ತದೆ. ಕೆಂಪಗೆ ಕಾಯಿಸಿ ಎಣ್ಣೆಯಲ್ಲಿ ಅದ್ದಿದರೆ ಉಕ್ಕು ಗಾಜಿನಂತೆ ಗಡುಸಾಗುತ್ತದೆ. ಹಾಗೆಯೇ ಬಿಟ್ಟರೆ ಬಾಯಿ ಮುಕ್ಕಾಗುತ್ತದೆ. ಪುನಃ ಮಿತವಾಗಿ, ಹುಲ್ಲಿನ ಹಳದಿ ಬಣ್ಣ ಬರುವ ತನಕ ಕಾಯಿಸಿದರೆ, ಗಡಸುತನವೂ ತಾಳಿಕೆಯೂ ಎರಡೂ ಉಳಿಯುತ್ತವೆ. ನೀಲಿಗೆ ತಿರುಗಿದರೆ ಮೆತ್ತಗಾಯಿತೆಂದೇ ತಿಳಿಯಬೇಕು. ಬೀದಿಯ ಸಾಣೆಯ ಚಕ್ರಕ್ಕೆ ನೀರಿಲ್ಲದೆ ಕಿಡಿ ಹಾರುವಂತೆ ಒತ್ತಿಸಿದ ಕತ್ತಿಯು ಎಂಟು ದಿನದಲ್ಲಿ ಮೊಂಡಾಗುವುದಕ್ಕೆ ಇದೇ ಕಾರಣ. ಜಗತ್ಪ್ರಸಿದ್ಧವಾದ ‘ವೂಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದ ಅಪಭ್ರಂಶವೆಂದು ವಿದ್ವಾಂಸರು ಊಹಿಸುತ್ತಾರೆ. ಹದದ ವಿದ್ಯೆ ನಮ್ಮ ನಾಡಿಗೆ ಹೊಸದೇನೂ ಅಲ್ಲ.

ಮಸೆಯುವ ಕ್ರಮ ಹೀಗೆ. ಸಂಸ್ಕೃತದ ‘ಶಾಣ’ವೇ ನಮ್ಮ ಸಾಣೆ. ಮೊದಲು ಒರಟು ಕಲ್ಲು, ಆಮೇಲೆ ನುಣುಪು ಕಲ್ಲು, ಎರಡಕ್ಕೂ ನೀರು. ಅಲಗು ಒಂದಂಗುಲ ಅಗಲವಿದ್ದರೆ, ಅದರ ಬೆನ್ನು ಕಲ್ಲಿನಿಂದ ಅಂಗುಲದ ಮೂರನೆಯ ಒಂದು ಭಾಗ ಮೇಲೆದ್ದಿರಲಿ. ಕೋನವು ಸುಮಾರು 20 ಅಂಶವಾಗುತ್ತದೆ. ಈ ಕೋನವನ್ನು ಕಡೆತನಕ ಬದಲಿಸದಿರುವುದೇ ವಿದ್ಯೆಯೆಲ್ಲ. ಒಂದು ಮಗ್ಗುಲನ್ನು ಮಸೆಯುತ್ತಿದ್ದರೆ, ಕೂದಲೆಳೆಯಷ್ಟು ಲೋಹವು ಇನ್ನೊಂದು ಮಗ್ಗುಲಿಗೆ ಮಗುಚಿಕೊಂಡು ಬೆರಳಿಗೆ ತಗಲುತ್ತದೆ, ಆಗ ತಿರುವಬೇಕು. ಕಡೆಯಲ್ಲಿ, ಬಾಯಿಯನ್ನು ಹಿಂದೆ ಮಾಡಿ, ಹಳೆಯ ಚರ್ಮದ ಪಟ್ಟಿಯ ಮೇಲೆ ಹತ್ತು ಸಲ ಎಳೆದರೆ ಆ ಎಳೆಯು ಉದುರುತ್ತದೆ. ಒಣಗಿಸಿ, ಕೊಬ್ಬರಿಎಣ್ಣೆಯನ್ನು ತೆಳ್ಳಗೆ ಸವರಿ ಇಡಬೇಕು. ಮಳೆಗಾಲದಲ್ಲಿ ಚರ್ಮದ ಒರೆಯಲ್ಲಿಟ್ಟರೆ, ಒರೆಯು ಹೀರಿದ ತೇವದಿಂದಲೇ ತುಕ್ಕು ಹತ್ತುತ್ತದೆ.

1972ನೆಯ ಇಸವಿಯಲ್ಲಿ ವನ್ಯಜೀವಿ ಸಂರಕ್ಷಣೆಯ ಕಾಯಿದೆ ಬಂದ ಮೇಲೆ ಜಿಂಕೆ, ಕಡವೆ, ಕಾಡುಕುರಿಗಳ ಬೇಟೆಯು ನಮ್ಮಲ್ಲಿ ದಂಡಾರ್ಹವಾದ ಅಪರಾಧವಾಗಿದೆ. ಹಾಗಾದುದು ಯುಕ್ತವೇ. ಕೈಲ್ ಪೊಳ್ದಿನ ದಿನ ಈಗ ಗುರಿಯಿಡುವುದು ತೆಂಗಿನಕಾಯಿಗೆ. “ಬೇಟೆಯಿಲ್ಲದ ಮೇಲೆ ಈ ಕತ್ತಿಯನ್ನೇಕೆ ಮಸೆಯುತ್ತೀರಿ?” ಎಂದು ನಾನು ಯಜಮಾನರನ್ನು ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ದೊಡ್ಡಪ್ಪನಿಗೆ ಮಾತು ಕೊಟ್ಟಿದ್ದೆ. ಬೇಟೆ ಇದ್ದರೆ ಮಸೆಯುತ್ತೇನೆ ಎಂದು ಕೊಟ್ಟ ಮಾತಲ್ಲ ಅದು” ಎಂದರು.

ಆ ಹಬ್ಬದ ಹಿಂದಿನ ದಿನ ಅವರ ಜಗಲಿಯಲ್ಲಿ ಕುಳಿತು ನಮ್ಮ ಅಡುಗೆಮನೆಯ ಕತ್ತಿಯನ್ನು ನನ್ನ ಕೈಯಿಂದಲೇ ಮಸೆಯಿಸಿದರು. ನಾಲ್ಕು ಸಲ ಕೋನ ತಪ್ಪಿತು. ನಾಲ್ಕು ಸಲವೂ ಮೊದಲಿನಿಂದ ಮಾಡಿಸಿದರು. ಸಂಜೆ ಪತ್ನಿಯು ಅದರಿಂದ ಒಂದು ಹಣ್ಣಾದ ಟೊಮೇಟೊವನ್ನು ಒತ್ತದೆಯೇ ಹೆಚ್ಚಿ ನನ್ನ ಮುಖವನ್ನು ನೋಡಿದಳು; ಏನೂ ಹೇಳಲಿಲ್ಲ. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಈ ಕೆಲಸವು ನನ್ನದೇ. ಮಗುವಿನ ರಕ್ಷಣೆಗೆ ಕತ್ತಿಯನ್ನು ಮೊಂಡು ಮಾಡಲಿಲ್ಲ, ಎತ್ತರದ ಗೂಡಿನಲ್ಲಿಟ್ಟೆವು.

ಗೃಹಸ್ಥರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಅಡುಗೆಮನೆಯ ಕತ್ತಿಯನ್ನು ಬಳಸುವವರು ಬಹುಮಟ್ಟಿಗೆ ಗೃಹಿಣಿಯರು. ಅದನ್ನು ಹರಿತವಾಗಿಡುವುದು ಯಾರ ಕೆಲಸವೆಂದು ಅನೇಕ ಮನೆಗಳಲ್ಲಿ ನಿರ್ಣಯವೇ ಆಗಿರುವುದಿಲ್ಲ. ಇಂದು ಊಟವಾದ ಮೇಲೆ ಒಮ್ಮೆ ಒಳಗೆ ಹೋಗಿ ಆ ಕತ್ತಿಯನ್ನು ಕೈಗೆ ತೆಗೆದುಕೊಂಡು ನೋಡಿರಿ. ಇತ್ಯಲಂ.