ತರಬೇತಿಗೆ ಹಾಕಿದ ಹಣ ಮರಳಿತೇ? ನಂಬಿಕೆ ಮತ್ತು ಸತ್ಯ

ನೌಕರರಿಗೆ ಕೊಡಿಸಿದ ತರಬೇತಿ ಫಲ ಕೊಟ್ಟಿತೇ ಎಂಬುದು ಗೊತ್ತಾಗುವುದು ಅವರು ಕೆಲಸಕ್ಕೆ ಮರಳಿದ ಮೇಲೆ. ಬಸ್ ಡಿಪೋ, ಬಂದರು, ನೌಕಾನೆಲೆ, ಅಣುವಿದ್ಯುತ್ ಸ್ಥಾವರ ಎಲ್ಲವೂ ಇರುವ ಕಾರವಾರ-ಅಂಕೋಲಾ ಭಾಗದಲ್ಲಿ ಒಂದಲ್ಲ ಒಂದು ತರಬೇತಿ ಸದಾ ನಡೆಯುತ್ತಿರುತ್ತದೆ. ಅದರ ಫಲವನ್ನು ಅಳೆಯುವ ಬಗ್ಗೆ ತಪ್ಪು ಕಲ್ಪನೆಗಳೂ ಅಷ್ಟೇ ಇವೆ.

ನಂಬಿಕೆ: ಎಲ್ಲರೂ ಮೆಚ್ಚಿದರೆ ತರಬೇತಿ ಯಶಸ್ವಿ.

ಕೊನೆಯ ದಿನ ತುಂಬಿಸಿಕೊಳ್ಳುವ ಅಭಿಪ್ರಾಯ ಪತ್ರ ಹೇಳುವುದು ಮೆಚ್ಚುಗೆಯನ್ನು ಮಾತ್ರ. ಅಮೆರಿಕದ ಡೊನಾಲ್ಡ್ ಕಿರ್ಕ್‌ಪ್ಯಾಟ್ರಿಕ್ 1959ರಲ್ಲಿ ಮೌಲ್ಯಮಾಪನವನ್ನು ನಾಲ್ಕು ಹಂತಗಳಾಗಿ ಬಿಡಿಸಿಟ್ಟರು: ಕಲಿತವರಿಗೆ ಹೇಗನ್ನಿಸಿತು, ಏನು ಕಲಿತರು, ಕೆಲಸದಲ್ಲಿ ಏನು ಬದಲಾಯಿತು, ಸಂಸ್ಥೆಗೆ ಏನು ಸಿಕ್ಕಿತು. ಮೊದಲ ಹಂತದ ಅಂಕಕ್ಕೂ ನಿಜವಾದ ಕಲಿಕೆಗೂ ಇರುವ ನಂಟು ತೀರ ದುರ್ಬಲ ಎಂದು ನಂತರದ ಅಧ್ಯಯನಗಳು ತೋರಿಸಿವೆ. ಜ್ಯಾಕ್ ಫಿಲಿಪ್ಸ್ ಐದನೆಯ ಹಂತವಾಗಿ ಹಣದ ಪ್ರತಿಫಲವನ್ನು ಸೇರಿಸಿದರು. ಲಾಭದಲ್ಲಿ ವೆಚ್ಚ ಕಳೆದು, ಉಳಿದುದನ್ನು ವೆಚ್ಚದಿಂದ ಭಾಗಿಸಿ, ನೂರರಿಂದ ಗುಣಿಸಿದರೆ ಬರುವುದೇ ಶೇಕಡಾವಾರು ಪ್ರತಿಫಲ.

ನಂಬಿಕೆ: ಮೊದಲಿಗೂ ನಂತರಕ್ಕೂ ಇರುವ ವ್ಯತ್ಯಾಸವೇ ತರಬೇತಿಯ ಫಲ.

ಅತಿ ಹೆಚ್ಚು ದಾರಿ ತಪ್ಪಿಸುವ ನಂಬಿಕೆ ಇದೇ. ಕಾರವಾರ ಮತ್ತು ಅಂಕೋಲಾ ಡಿಪೋಗಳು ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಗೆ ಸೇರಿದವು. ಸಾರಿಗೆ ಸಂಸ್ಥೆಗಳಲ್ಲಿ ಡೀಸೆಲ್ ಉಳಿಸುವ ಚಾಲನೆಯನ್ನು ಕಲಿಸುವುದು ಹಳೆಯ ರೂಢಿ. ಅದರ ಅಳತೆಗೋಲು ಕೆಎಂಪಿಎಲ್, ಅಂದರೆ ಒಂದು ಲೀಟರಿಗೆ ಬಸ್ ಓಡಿದ ಕಿಲೋಮೀಟರ್. ಆದರೆ ಈ ಅಂಕಿ ಚಾಲಕನ ಕಾಲಿನ ಹಿಡಿತವೊಂದನ್ನೇ ಅವಲಂಬಿಸಿಲ್ಲ. ಅಂಕೋಲಾದಿಂದ ಹುಬ್ಬಳ್ಳಿಗೆ ಅರಬೈಲ್ ಘಟ್ಟ ಹತ್ತುವ ಬಸ್ಸಿಗೂ ಕರಾವಳಿಯ ಸಮತಟ್ಟಿನಲ್ಲಿ ಓಡುವ ಬಸ್ಸಿಗೂ ಲೆಕ್ಕ ಬೇರೆ. ಜಡಿಮಳೆಗೂ ಬೇಸಿಗೆಗೂ ಬೇರೆ. 2024ರ ಜುಲೈನಲ್ಲಿ ಅಂಕೋಲಾ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ವಾಹನಗಳು ಸುತ್ತುಬಳಸಿ ಹೋಗಬೇಕಾಯಿತು. ಮಳೆಗಾಲದಲ್ಲಿ ತರಬೇತಿ ಕೊಟ್ಟು ಡಿಸೆಂಬರಿನ ಅಂಕಿಯೊಂದಿಗೆ ಹೋಲಿಸಿದರೆ, ಏನನ್ನೂ ಕಲಿಸದಿದ್ದರೂ ಸುಧಾರಣೆ ಕಂಡೀತು. ಮೀನುಗಾರಿಕೆಯಲ್ಲೂ ಇದೇ ತೊಡಕು. ಜೂನ್ 1ರಿಂದ ಜುಲೈ 31ರವರೆಗಿನ ನಿಷೇಧದ ವೇಳೆ ಬೋಟಿನವರಿಗೆ ತರಬೇತಿ ಕೊಟ್ಟು, ಆಗಸ್ಟಿನಲ್ಲಿ ಬಲೆ ತುಂಬಿದ್ದನ್ನು ತರಬೇತಿಯ ಖಾತೆಗೆ ಬರೆಯುವಂತಿಲ್ಲ.

ಇದಕ್ಕೆ ಪರಿಹಾರ ಹೋಲಿಕೆಯ ಗುಂಪು. ಒಂದು ಕಾಲ್ಪನಿಕ ಲೆಕ್ಕ ನೋಡಬಹುದು. 40 ಚಾಲಕರಿಗೆ 2 ದಿನದ ತರಬೇತಿ. ಪ್ರತಿಯೊಬ್ಬರೂ ತಿಂಗಳಿಗೆ 6,250 ಕಿ.ಮೀ. ಓಡಿಸುತ್ತಾರೆ, ಡೀಸೆಲ್ ಲೀಟರಿಗೆ 90 ರೂ. ಕೆಎಂಪಿಎಲ್ 4.8ರಿಂದ 5ಕ್ಕೆ ಏರಿದರೆ ಆರು ತಿಂಗಳ ಉಳಿತಾಯ 11.25 ಲಕ್ಷ ರೂ. ಆದರೆ ಅದೇ ಮಾರ್ಗಗಳ, ತರಬೇತಿ ಪಡೆಯದ ಚಾಲಕರದ್ದೂ ಅದೇ ಅವಧಿಯಲ್ಲಿ 4.9ಕ್ಕೆ ಏರಿದ್ದರೆ, ತರಬೇತಿಯ ಪಾಲಿಗೆ ಉಳಿಯುವುದು ಸುಮಾರು 5.51 ಲಕ್ಷ ಮಾತ್ರ.

ನಂಬಿಕೆ: ವೆಚ್ಚವೆಂದರೆ ತರಬೇತುದಾರರ ಶುಲ್ಕ.

ಅದೇ ಲೆಕ್ಕದಲ್ಲಿ ಶುಲ್ಕ ಮತ್ತು ಸಾಮಗ್ರಿಗೆ 60,000 ರೂ. ಆಗಿರಲಿ. ತರಬೇತಿಗೆ ಕುಳಿತವರ ಸಂಬಳ, ಅವರ ಬದಲಿಗೆ ಬಸ್ ಓಡಿಸಿದವರ ಸಂಬಳ ಸೇರಿ 1.60 ಲಕ್ಷ ಆಗುತ್ತದೆ ಎಂದಿಟ್ಟುಕೊಂಡರೆ ಒಟ್ಟು ವೆಚ್ಚ 2.20 ಲಕ್ಷ. ನಿವ್ವಳ ಲಾಭ 3.31 ಲಕ್ಷ, ಪ್ರತಿಫಲ ಸುಮಾರು ಶೇ 150. ಹೋಲಿಕೆಯ ಗುಂಪನ್ನು ಮರೆತಿದ್ದರೆ ಶೇ 411 ಎಂದು ವರದಿಯಾಗುತ್ತಿತ್ತು. ಶೇ 150 ಆದರೂ ತರಬೇತಿ ಲಾಭದಾಯಕವೇ. ಆದರೆ ಮುಂದಿನ ಬಜೆಟ್ ನಿಲ್ಲಬೇಕಾದದ್ದು ನಿಜವಾದ ಅಂಕಿಯ ಮೇಲೆ.

ನಂಬಿಕೆ: ಮಾತುಗಾರಿಕೆ, ಆತ್ಮವಿಶ್ವಾಸದಂಥ ಕೌಶಲಗಳ ಲಾಭವನ್ನು ಅಳೆಯಲಾಗದು.

ಅಳೆದು ತೋರಿಸಿದ ಉದಾಹರಣೆ ಕರ್ನಾಟಕದಲ್ಲೇ ಇದೆ. ಅಚ್ಯುತ ಅಧ್ವರ್ಯು, ನಮ್ರತಾ ಕಲಾ ಮತ್ತು ಅನಂತ್ ನೈಷಧಂ ಎಂಬ ಅರ್ಥಶಾಸ್ತ್ರಜ್ಞರು ಬೆಂಗಳೂರಿನ ಗಾರ್ಮೆಂಟ್ ಕಾರ್ಖಾನೆಗಳಲ್ಲಿ ಸಂವಹನ, ಸಮಯ ನಿರ್ವಹಣೆಯಂಥ ಕೌಶಲಗಳ ತರಬೇತಿಯನ್ನು ಪರೀಕ್ಷೆಗೆ ಒಡ್ಡಿದರು. ಆಸಕ್ತಿ ತೋರಿದ ಮಹಿಳಾ ಕಾರ್ಮಿಕರಲ್ಲಿ ಯಾರಿಗೆ ತರಬೇತಿ ಎಂಬುದನ್ನು ಲಾಟರಿ ನಿರ್ಧರಿಸಿತು. ತರಬೇತಿ ಪಡೆದವರ ಉತ್ಪಾದಕತೆ ಪಡೆಯದವರಿಗಿಂತ ಶೇ 13.5ರಷ್ಟು ಹೆಚ್ಚಿತ್ತು. ಕಾರ್ಯಕ್ರಮ ಮುಗಿದ ಎಂಟು ತಿಂಗಳಿಗೆ ಕಂಪನಿಗೆ ದೊರೆತ ನಿವ್ವಳ ಪ್ರತಿಫಲ ಶೇ 250ಕ್ಕೂ ಮಿಕ್ಕಿತ್ತು. ಕಾರ್ಮಿಕರ ವೇತನ ಮಾತ್ರ ಏರಿದ್ದು ಶೇ 0.5ರಷ್ಟು. ಪ್ರತಿಫಲ ಎಷ್ಟು ಎಂಬುದರ ಜೊತೆಗೆ ಅದು ಯಾರ ಕೈಸೇರಿತು ಎಂಬ ಪ್ರಶ್ನೆಯನ್ನೂ ಕೇಳದ ಮೌಲ್ಯಮಾಪನ ಅರ್ಧ ಮೌಲ್ಯಮಾಪನವೇ.

ನಂಬಿಕೆ: ಕಲಿತದ್ದರಲ್ಲಿ ಶೇ 10 ಮಾತ್ರ ಕೆಲಸದಲ್ಲಿ ಬಳಕೆಯಾಗುತ್ತದೆ.

ಈ ಅಂಕಿಯ ಹಿಂದೆ ಅಧ್ಯಯನವಿಲ್ಲ. 1982ರ ಲೇಖನವೊಂದರಲ್ಲಿ ಜಾರ್ಜೆನ್ಸನ್ ಎಂಬವರು, ತರಬೇತಿ ಅಧಿಕಾರಿಗಳು ಸಾಮಾನ್ಯವಾಗಿ ಆಡುವ ಮಾತು ಎಂಬಂತೆ ಇದನ್ನು ಬರೆದಿದ್ದರು; ಮುಂದಿನವರು ಅದನ್ನೇ ಸಂಶೋಧನೆಯ ಫಲಿತಾಂಶವೆಂದು ಉದ್ಧರಿಸಿದರು. ಬಳಕೆ ಎಷ್ಟಾಗುತ್ತದೆ ಎಂಬುದಕ್ಕೆ ಒಂದೇ ಅಂಕಿ ಇರಲು ಸಾಧ್ಯವಿಲ್ಲ. ಕಲಿಯುವವರ ಗುಣ ಮತ್ತು ತರಬೇತಿಯ ರೂಪದಷ್ಟೇ ಕೆಲಸದ ಪರಿಸರವೂ ಮುಖ್ಯ ಎಂದು ಬಾಲ್ಡ್‌ವಿನ್ ಮತ್ತು ಫೋರ್ಡ್ ಎಂಬ ಸಂಶೋಧಕರು 1988ರಲ್ಲಿ ವಿವರಿಸಿದರು. ಟೈರಿನ ಗಾಳಿ ನೋಡದ, ಸಮಯಕ್ಕೆ ಬಸ್ ರಿಪೇರಿ ಮಾಡದ ಡಿಪೋದಲ್ಲಿ ಚಾಲಕ ಎಷ್ಟು ಚೆನ್ನಾಗಿ ಕಲಿತಿದ್ದರೂ ಡೀಸೆಲ್ ಉಳಿಯದು. ಅಲ್ಲಿ ಸೋತದ್ದು ಚಾಲಕನೂ ಅಲ್ಲ, ತರಬೇತುದಾರನೂ ಅಲ್ಲ.

ನಂಬಿಕೆ: ಹಣದ ಪ್ರತಿಫಲ ತೋರಿಸದ ತರಬೇತಿ ದಂಡ.

ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕ 2018ರ ಡಿಸೆಂಬರ್ 31ರವರೆಗೆ 962 ದಿನ ಎಡೆಬಿಡದೆ ಓಡಿ ಆಗ ವಿಶ್ವದಾಖಲೆ ಮಾಡಿತು. ಇದರಲ್ಲಿ ಸಿಬ್ಬಂದಿಯ ತರಬೇತಿಗೆ ಇಷ್ಟು ಪಾಲು ಎಂದು ರೂಪಾಯಿಯಲ್ಲಿ ಬೇರ್ಪಡಿಸಲಾಗದು. ಓಡುತ್ತಿರುವಾಗಲೇ ಇಂಧನ ತುಂಬಬಲ್ಲ ಭಾರಜಲ ರಿಯಾಕ್ಟರಿನ ವಿನ್ಯಾಸ ಮತ್ತು ನಿರ್ವಹಣೆಗೂ ಅದರಲ್ಲಿ ಪಾಲಿದೆ. ಅಣುಸ್ಥಾವರದ ನಿಯಂತ್ರಣ ಕೊಠಡಿಯಲ್ಲಿ ಕೂರಲು ಪರೀಕ್ಷೆ ಮತ್ತು ಪರವಾನಗಿ ಕಡ್ಡಾಯ. ಲಾಭ ಕಾಣಲಿಲ್ಲವೆಂದು ಈ ತರಬೇತಿಯನ್ನು ನಿಲ್ಲಿಸುವ ಮಾತೇ ಇಲ್ಲ. ಇಂಥ ಕಡೆ ಹಣದ ಬದಲು ಅಣಕು ತುರ್ತುಸ್ಥಿತಿಯಲ್ಲಿ ಸಿಬ್ಬಂದಿ ತೆಗೆದುಕೊಂಡ ಸಮಯ, ಬಿಟ್ಟುಹೋದ ಹಂತಗಳು, ಕೂದಲೆಳೆಯಲ್ಲಿ ತಪ್ಪಿದ ಅವಘಡಗಳ ವರದಿಗಳನ್ನು ನೋಡಬೇಕಾಗುತ್ತದೆ. ಐದನೆಯ ಹಂತದ ಲೆಕ್ಕವನ್ನು ಎಲ್ಲ ತರಬೇತಿಗೂ ಹಾಕಬೇಕೆಂದು ಫಿಲಿಪ್ಸ್ ಕೂಡ ಹೇಳಿಲ್ಲ. ದುಬಾರಿಯಾದ, ಹಲವರನ್ನು ಒಳಗೊಳ್ಳುವ ಆಯ್ದ ಕೆಲವು ಕಾರ್ಯಕ್ರಮಗಳಿಗಷ್ಟೇ ಅದು ಮೀಸಲು.