ಪುಟ್ಟ ಪ್ರಾಣಿ ಕಟ್ಟಿದ ದ್ವೀಪಗಳು



ನಮ್ಮ ಅಜ್ಜಿಯ ಕರಿಮಣಿ ಸರದಲ್ಲಿ ಎರಡು ಕೆಂಪು ಹವಳ ಇವೆ. ಅವು ಕಲ್ಲು ಅಂತ ನಾನು ತಿಳಿದಿದ್ದೆ. ಆದರೆ ಹವಳ ಆಗೋದು ಸಮುದ್ರದ ಪುಟ್ಟ ಪ್ರಾಣಿಗಳಿಂದ! ಆಭರಣದ ಹವಳದ ಜಾತಿ ಬೇರೆ, ಸಮುದ್ರದಲ್ಲಿ ದಿಬ್ಬ ಕಟ್ಟುವ ಜಾತಿ ಬೇರೆ. ದಿಬ್ಬದ ವಿಷಯ ಇಲ್ಲಿ ಬರೆದಿದ್ದೇನೆ.

ದಿಬ್ಬ ಹೇಗೆ ಆಗುತ್ತದೆ?

ಈ ಪ್ರಾಣಿಯ ಹೆಸರು ಪಾಲಿಪ್. ಹೆಚ್ಚಿನವು ಕೆಲವೇ ಮಿಲಿಮೀಟರ್ ಇರುತ್ತವೆ. ಪಾಲಿಪ್ ಸಮುದ್ರದ ನೀರಿನಿಂದ ಸುಣ್ಣದ ಅಂಶ ತೆಗೆದುಕೊಂಡು ತನ್ನ ಕೆಳಗೆ ಗಟ್ಟಿ ಬಟ್ಟಲು ಕಟ್ಟಿಕೊಳ್ಳುತ್ತದೆ. ಅದು ಸತ್ತರೂ ಬಟ್ಟಲು ಉಳಿಯುತ್ತದೆ. ಅದರ ಮೇಲೆ ಇನ್ನೊಂದು ಕಟ್ಟುತ್ತದೆ. ಹೀಗೆ ಸಾವಿರಾರು ವರ್ಷ ಕಟ್ಟಿದ್ದೇ ಹವಳದ ದಿಬ್ಬ.

ಪಾಲಿಪ್‌ನ ಮೈಯೊಳಗೆ ಸಣ್ಣ ಪಾಚಿ ಇರುತ್ತದೆ. ಅದು ಬಿಸಿಲಿನಿಂದ ಆಹಾರ ತಯಾರಿಸಿ ಪಾಲಿಪ್‌ಗೂ ಕೊಡುತ್ತದೆ. ಅದಕ್ಕೇ ದಿಬ್ಬ ಬೆಳೆಯಲು ಬೆಚ್ಚಗಿನ, ತಿಳಿಯಾದ, ಆಳವಿಲ್ಲದ ಉಪ್ಪುನೀರು ಬೇಕು. ನದಿ ಕೆಸರು ತಂದು ಸುರಿಯುವ ಕಡೆ ಬೆಳೆಯೋದಿಲ್ಲ.

ದಿಬ್ಬದಲ್ಲಿ ಮೂರು ವಿಧ

1. ಅಂಚಿನ ದಿಬ್ಬ: ದಡಕ್ಕೆ ಅಂಟಿಕೊಂಡೇ ಇರುತ್ತದೆ. ಉದಾ: ಅಂಡಮಾನ್, ಮನ್ನಾರ್ ಕೊಲ್ಲಿ.

2. ತಡೆಗೋಡೆ ದಿಬ್ಬ: ದಡಕ್ಕೂ ದಿಬ್ಬಕ್ಕೂ ನಡುವೆ ಅಗಲವಾದ ನೀರು ಇರುತ್ತದೆ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್ ಸುಮಾರು 2300 ಕಿ.ಮೀ. ಉದ್ದ ಇದೆ.

3. ಅಟಾಲ್: ಬಳೆಯ ಹಾಗೆ ದುಂಡಗೆ ಇರುತ್ತದೆ, ನಡುವೆ ನೀರು. ನಮ್ಮ ಲಕ್ಷದ್ವೀಪ ಇದೇ ವಿಧ. ಅಲ್ಲಿನ ಅಮಿನಿ, ಕಡಮತ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು!

ಬಳೆ ಆಕಾರ ಹೇಗೆ ಬಂತು?

ಇದನ್ನು ಚಾರ್ಲ್ಸ್ ಡಾರ್ವಿನ್ 1842ರಲ್ಲಿ ಪುಸ್ತಕ ಬರೆದು ವಿವರಿಸಿದರು. ನೀವೂ ಮಾಡಿ ನೋಡಬಹುದು. ಬೋಗುಣಿಯಲ್ಲಿ ಜೇಡಿಮಣ್ಣಿನ ಚೂಪು ಗುಡ್ಡ ಮಾಡಿ. ಬುಡದ ಸುತ್ತ ಬಳೆ ಇಡಿ. ಗುಡ್ಡ ಜ್ವಾಲಾಮುಖಿ ದ್ವೀಪ, ಬಳೆ ಅಂಚಿನ ದಿಬ್ಬ. ಈಗ ಮೆಲ್ಲಗೆ ನೀರು ಹಾಕುತ್ತಾ, ಒಂದರ ಮೇಲೊಂದು ಬಳೆ ಇಡುತ್ತಾ ಹೋಗಿ. ಗುಡ್ಡಕ್ಕೂ ಬಳೆಗೂ ನಡುವೆ ನೀರು ಬರುತ್ತದೆ. ಅದು ತಡೆಗೋಡೆ ದಿಬ್ಬ. ಕೊನೆಗೆ ಗುಡ್ಡ ಮುಳುಗಿ ಬಳೆ ಮಾತ್ರ ಕಾಣುತ್ತದೆ. ಅದೇ ಅಟಾಲ್. ನಿಜವಾಗಿ ದ್ವೀಪವೇ ನಿಧಾನವಾಗಿ ಕೆಳಗೆ ಕುಸಿಯುತ್ತದೆ, ಹವಳ ಬಿಸಿಲಿಗಾಗಿ ಮೇಲೆ ಬೆಳೆಯುತ್ತದೆ. (ಆಸ್ಟ್ರೇಲಿಯಾದ ದಿಬ್ಬ ಹೀಗೆ ಆಗಿದ್ದಲ್ಲ, ಅದು ಖಂಡದ ಅಂಚಿನಲ್ಲಿ ಬೆಳೆದದ್ದು.)

1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಅಟಾಲ್‌ನಲ್ಲಿ ಬೋರ್ ಕೊರೆದರು. 1200 ಮೀಟರಿಗಿಂತ ಆಳದ ತನಕ ಹವಳದ ಸುಣ್ಣಕಲ್ಲು! ಅದರ ಕೆಳಗೆ ಜ್ವಾಲಾಮುಖಿಯ ಕಲ್ಲು ಸಿಕ್ಕಿತು. ಡಾರ್ವಿನ್ ಹೇಳಿದ್ದು ಸರಿಯಾಗಿತ್ತು.

ಈಗಿನ ಅಪಾಯ

ಸಮುದ್ರದ ನೀರು ಹೆಚ್ಚು ಬಿಸಿಯಾದರೆ ಪಾಲಿಪ್ ತನ್ನ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಗ ಹವಳ ಬೆಳ್ಳಗಾಗುತ್ತದೆ. ಬಿಸಿ ಬೇಗ ಇಳಿದರೆ ಬದುಕುತ್ತದೆ, ಇಲ್ಲದಿದ್ದರೆ ಹಸಿವಿನಿಂದ ಸಾಯುತ್ತದೆ. ಲಕ್ಷದ್ವೀಪದಲ್ಲಿ 1998, 2010, 2016 ಮತ್ತು 2024ರಲ್ಲಿ ಹೀಗಾಯಿತು.

2011ರ ಜನಗಣತಿಯಂತೆ ಅಲ್ಲಿ 64 ಸಾವಿರಕ್ಕೂ ಹೆಚ್ಚು ಜನ ಇದ್ದರು. ಅವರ ನೆಲ ಸಮುದ್ರಕ್ಕಿಂತ ಕೆಲವೇ ಮೀಟರ್ ಎತ್ತರ. ದೊಡ್ಡ ಅಲೆಗಳನ್ನು ತಡೆಯೋದು ದಿಬ್ಬವೇ. ಪಾಲಿಪ್ ಕಟ್ಟೋದನ್ನು ನಿಲ್ಲಿಸಿದರೆ ದಿಬ್ಬ ಸವೆಯುತ್ತದೆ. ಆಮೇಲೆ ಅವರ ಊರನ್ನು ಕಾಯೋರು ಯಾರು? ನಮ್ಮ ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ಸುತ್ತಲೂ ಹವಳ ಇದೆ. ಹೋದರೆ ನೋಡಿ ಬನ್ನಿ, ಆದರೆ ಮುರಿದು ತರಬೇಡಿ. ದುಂಡನೆಯ ದೊಡ್ಡ ಹವಳ ಒಂದು ಸೆಂಟಿಮೀಟರ್ ಬೆಳೆಯಲು ಹೆಚ್ಚುಕಡಿಮೆ ಒಂದು ವರ್ಷ ಬೇಕು.

– 7ನೇ ತರಗತಿ ವಿದ್ಯಾರ್ಥಿನಿ